ಬೆನ್ನುನೋವಿಗೆ ರಕ್ತದ ಸಾಕ್ಷಿ

ಸೊಂಟದಿಂದ ಕಾಲಿಗಿಳಿಯುವ ನೋವನ್ನು ಆಯುರ್ವೇದವು ಗೃಧ್ರಸಿ ಎಂದು ಕರೆದಿದೆ. ನಾವಿಂದು ಅದನ್ನು ‘ಸಯಾಟಿಕಾ’ ಎನ್ನುತ್ತೇವೆ. ನೋವು ಪುರಾತನವಾದರೂ ಅದರ ಮುಖ್ಯ ಕಾರಣ ತಿಳಿದದ್ದು ಇತ್ತೀಚೆಗೆ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಹೊರಚಾಚಿ ನರವನ್ನು ಒತ್ತಿದಾಗ, ಹಲವು ವೈದ್ಯರು ಅದನ್ನು ಗಡ್ಡೆಯೆಂದೇ ಬಗೆದಿದ್ದರು. ಅದು ಗಡ್ಡೆಯಲ್ಲ, ಡಿಸ್ಕಿನದೇ ತುಣುಕು ಎಂದು 1934ರಲ್ಲಿ ಅಮೆರಿಕದ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ಪ್ರಕಟಿಸಿದರು. ಶಸ್ತ್ರಚಿಕಿತ್ಸೆಗೆ ಹಾದಿ ತೆರೆಯಿತು.

1980ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಇನ್ನೊಂದು ಸಂಗತಿ ತೋರಿಸಿತು. ಕೆಲವರಲ್ಲಿ ಆ ತುಣುಕು ತಾನಾಗಿಯೇ ಕರಗುತ್ತದೆ! ರಕ್ತದಿಂದ ಬಂದ ಜೀವಕೋಶಗಳು ಅದನ್ನು ನುಂಗಿಹಾಕುತ್ತವೆ. ನೋವು ತರುವ ಉರಿಯೂತವೇ ವಾಸಿಮಾಡುವ ಕೆಲಸಕ್ಕೂ ನೆರವಾಗುತ್ತದೆ.

ಹಾಗಾದರೆ ಯಾರು ಕಾಯಬಹುದು, ಯಾರಿಗೆ ಶಸ್ತ್ರಚಿಕಿತ್ಸೆ ಬೇಕು ಎಂಬುದನ್ನು ರಕ್ತವೇ ಹೇಳೀತೇ? 1930ರಲ್ಲಿ ನ್ಯೂಯಾರ್ಕಿನ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಹಿಡಿದ ಸಿ.ಆರ್.ಪಿ. ಎಂಬ ಪ್ರೋಟೀನು ಉರಿಯೂತದ ಗುರುತು. ಅದನ್ನೂ ಇಂಟರ್‌ಲ್ಯೂಕಿನ್-6 ಮೊದಲಾದವನ್ನೂ ಸಂಶೋಧಕರು ಇದಕ್ಕಾಗಿ ಅಳೆದು ನೋಡಿದ್ದಾರೆ. ಖಚಿತ ಉತ್ತರ ಇನ್ನೂ ದೊರೆತಿಲ್ಲ.

ಆದುದರಿಂದ ಸ್ಕ್ಯಾನಿನ ಚಿತ್ರ ಕಂಡೊಡನೆ ನಾವು ಧೈರ್ಯಗೆಡಬೇಕಾಗಿಲ್ಲ. ಆದರೆ ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.