ಕರ್ನಾಟಕ ತಂಡದ ಸಂತೋಷ್ ಟ್ರೋಫಿ ಬರ (1969–2023)

ಸಂತೋಷ್ ಟ್ರೋಫಿ ಬರ ಎಂದರೆ ರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನಲ್ಲಿ ಕರ್ನಾಟಕ ತಂಡವು 1968–69ರ ಗೆಲುವಿನ ನಂತರ 54 ವರ್ಷ ಪ್ರಶಸ್ತಿಯಿಲ್ಲದೆ ಕಳೆದ ಅವಧಿ. 1941ರಲ್ಲಿ ಆರಂಭವಾದ ಈ ಅಂತರರಾಜ್ಯ ಪಂದ್ಯಾವಳಿಗೆ ಈಗಿನ ಬಾಂಗ್ಲಾದೇಶದಲ್ಲಿದ್ದ ಸಂತೋಷ್ ಜಮೀನ್ದಾರಿಯ ಹೆಸರಿದೆ.

ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ತಂಡವು 1946–47, 1952–53, 1967–68 ಮತ್ತು 1968–69ರಲ್ಲಿ, ನಾಲ್ಕೂ ಬಾರಿ ಬಂಗಾಳವನ್ನೇ ಮಣಿಸಿ ಪ್ರಶಸ್ತಿ ಪಡೆದಿತ್ತು. ಆ ಕಾಲದ ರಾಜ್ಯದಲ್ಲಿ ಫುಟ್‌ಬಾಲ್ ಬೇರುಬಿಟ್ಟಿದ್ದುದು ಬೆಂಗಳೂರಿನ ದಂಡು ಪ್ರದೇಶದಲ್ಲಿ, ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳಲ್ಲಿ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ. ಈ ಗಣಿಗಳು 2001ರಲ್ಲಿ ಮುಚ್ಚಿದವು. ಕಾರ್ಖಾನೆ ತಂಡಗಳೂ ಕ್ರಮೇಣ ಸೊರಗಿದವು. ಬರದ ಆರಂಭದಲ್ಲೇ, 1975–76ರ ಫೈನಲ್‌ನಲ್ಲಿ, ತಂಡವು ಬಂಗಾಳಕ್ಕೆ ಸೋತಿತ್ತು.

ಬರ ಮುಗಿದದ್ದು 2023ರ ಮಾರ್ಚ್ 4ರಂದು, ಪಂದ್ಯಾವಳಿಯ ಅಂತಿಮ ಹಂತವು ಮೊದಲ ಬಾರಿ ವಿದೇಶದಲ್ಲಿ ನಡೆದಾಗ. ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು ಸೋಲಿಸಿದ್ದ ಕರ್ನಾಟಕವು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿತು. ಸುನಿಲ್ ಕುಮಾರ್, ಬೇಕೆ ಓರಂ ಮತ್ತು ಫ್ರೀ ಕಿಕ್ ಮೂಲಕ ರಾಬಿನ್ ಯಾದವ್ ಗಳಿಸಿದ ಮೂರೂ ಗೋಲುಗಳು ಮೊದಲಾರ್ಧದಲ್ಲೇ ಬಂದವು.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಷಿಕಾಗೊ ಕಬ್ಸ್ 1908ರಿಂದ 2016ರವರೆಗೆ 108 ವರ್ಷ, ಬೋಸ್ಟನ್ ರೆಡ್ ಸಾಕ್ಸ್ 1918ರಿಂದ 2004ರವರೆಗೆ 86 ವರ್ಷ ಕಾದದ್ದಕ್ಕೆ ಹೋಲಿಸಿದರೆ ಇದು ಕಿರಿದು. ಆದರೆ 1973ರಲ್ಲಿ ರಾಜ್ಯದ ಹೆಸರು ಬದಲಾದ ಕಾರಣ, ಕರ್ನಾಟಕ ಎಂಬ ಹೆಸರಿನಲ್ಲಿ ದೊರೆತ ಮೊದಲ ಸಂತೋಷ್ ಟ್ರೋಫಿ 2023ರದು.