ಲೈಸೆನ್ಸ್ ಊರಿನದು, ಯಜಮಾನ ದೂರದವನು: ಆಸ್ಟ್ರೇಲಿಯಾದ ಟಿವಿ, ರೇಡಿಯೊ ಮಾರಾಟದ ಕಥೆ

2024ರ ಜೂನ್ 30ರಂದು ಆಸ್ಟ್ರೇಲಿಯಾದ ಮಿಲ್ಡುರಾ ಎಂಬ ಊರಿನಲ್ಲಿ ಒಂದು ಟಿವಿ ಚಾನೆಲ್ ಬಂದ್ ಆಯಿತು. ಮಿಲ್ಡುರಾ ಇರುವುದು ವಿಕ್ಟೋರಿಯಾ ರಾಜ್ಯದ ಒಣಭೂಮಿಯ ಮೂಲೆಯಲ್ಲಿ, ಮರ್ರೆ ನದಿಯ ದಂಡೆಯಲ್ಲಿ. ರಾಜ್ಯದ ರಾಜಧಾನಿ ಮೆಲ್ಬರ್ನ್ ಅಲ್ಲಿಂದ 500 ಕಿಲೋಮೀಟರ್‌ಗೂ ಹೆಚ್ಚು ದೂರ. ನದಿ ನೀರಿನಿಂದ ದ್ರಾಕ್ಷಿ, ಕಿತ್ತಳೆ ಬೆಳೆಯುವ ಸೀಮೆ ಅದು. ಮನೆ ಮೇಲಿನ ಆಂಟೆನಾಕ್ಕೆ ಪುಕ್ಕಟೆ ಬರುತ್ತಿದ್ದ ‘ಟೆನ್’ ಚಾನೆಲ್ ಅಂದಿಗೆ ನಿಂತಿತು. ಅದನ್ನು ನಡೆಸುತ್ತಿದ್ದವರು ‘ಸೆವೆನ್’ ಮತ್ತು ‘ವಿನ್’ ಎಂಬ ಎರಡು ಕಂಪನಿಗಳು, ಜಂಟಿಯಾಗಿ. ಲೆಕ್ಕಾಚಾರ ಗಿಟ್ಟುತ್ತಿಲ್ಲ ಎಂದು ಮುಚ್ಚಿದರು.

ಒಂದು ಊರಿನ ಚಾನೆಲ್ ಇರಬೇಕೋ ಬೇಡವೋ ಎಂಬ ತೀರ್ಮಾನ ಊರಿನಿಂದ ಇಷ್ಟು ದೂರ ಹೋಗಿದ್ದು ಹೇಗೆ? ಇದನ್ನು ತಿಳಿಯಲು ನಾವು ಸುಮಾರು 70 ವರ್ಷ ಹಿಂದಕ್ಕೆ ಹೋಗಬೇಕು.

ಆಸ್ಟ್ರೇಲಿಯಾದಲ್ಲಿ ಟಿವಿ ಶುರುವಾದದ್ದು 1956ರಲ್ಲಿ. ಸರ್ಕಾರದ ಹಣದಲ್ಲಿ ನಡೆಯುವ ಎಬಿಸಿ ಒಂದು ಕಡೆ, ಜಾಹೀರಾತಿನ ಮೇಲೆ ನಡೆಯುವ ಖಾಸಗಿ ಕೇಂದ್ರಗಳು ಇನ್ನೊಂದು ಕಡೆ. ಖಾಸಗಿ ಲೈಸೆನ್ಸ್ ಹೆಚ್ಚಾಗಿ ಸಿಕ್ಕಿದ್ದು ಪತ್ರಿಕೆಗಳ ಧಣಿಗಳಿಗೆ. ಸಿಡ್ನಿಯಲ್ಲಿ ‘ನೈನ್’ ಫ್ರಾಂಕ್ ಪ್ಯಾಕರ್ ಕೈಗೆ, ‘ಸೆವೆನ್’ ಫೇರ್‌ಫ್ಯಾಕ್ಸ್ ಪತ್ರಿಕಾ ಸಂಸ್ಥೆಯ ಕೈಗೆ ಬಂತು. ಆದರೆ ಕಾನೂನು ಒಂದು ಬೇಲಿ ಹಾಕಿತ್ತು: ಯಾರೇ ಆಗಲಿ, ಎರಡಕ್ಕಿಂತ ಹೆಚ್ಚು ಟಿವಿ ಕೇಂದ್ರಗಳ ಒಡೆತನ ಹೊಂದುವಂತಿರಲಿಲ್ಲ.

ಈ ಬೇಲಿಯಿಂದಾಗಿ ದೊಡ್ಡ ನಗರಗಳ ಧಣಿಗಳಿಗೆ ಸಣ್ಣ ಪಟ್ಟಣಗಳ ಕೇಂದ್ರಗಳನ್ನೆಲ್ಲ ಬಾಚಿಕೊಳ್ಳಲು ಆಗಲಿಲ್ಲ. ಒಂದೊಂದು ಸೀಮೆಗೆ ಒಂದೇ ಖಾಸಗಿ ಕೇಂದ್ರ. ಕಾರ್ಯಕ್ರಮಗಳನ್ನು ಸಿಡ್ನಿ, ಮೆಲ್ಬರ್ನ್‌ನಿಂದ ಕೊಳ್ಳುತ್ತಿದ್ದರೂ ಸುದ್ದಿ, ಮಕ್ಕಳ ಕಾರ್ಯಕ್ರಮ, ಅಂಗಡಿಗಳ ಜಾಹೀರಾತು ಇವೆಲ್ಲ ಅಲ್ಲೇ ತಯಾರಾಗುತ್ತಿದ್ದವು. ನೋಡುವವರಿಗೆ ಆಯ್ಕೆ ಕಡಿಮೆ ಇತ್ತು, ನಿಜ. ಆದರೆ ಕೇಂದ್ರದ ಹೊಟ್ಟೆ ತುಂಬುತ್ತಿದ್ದದ್ದು ಆ ಸೀಮೆಯಿಂದಲೇ.

ಬೇಲಿ ಕಿತ್ತದ್ದು 1987ರಲ್ಲಿ. ಬಾಬ್ ಹಾಕ್ ಪ್ರಧಾನಿ, ಪಾಲ್ ಕೀಟಿಂಗ್ ಹಣಕಾಸು ಮಂತ್ರಿ. ಹೊಸ ಕಾನೂನಿನಲ್ಲಿ ಎರಡು ಕೇಂದ್ರಗಳ ಮಿತಿ ಹೋಯಿತು. ದೇಶದ ಜನಸಂಖ್ಯೆಯ 60 ಶೇಕಡಾವರೆಗೆ ತಲುಪುವಷ್ಟು ಕೇಂದ್ರಗಳನ್ನು ಒಬ್ಬರೇ ಇಟ್ಟುಕೊಳ್ಳಬಹುದಾಯಿತು. ಆದರೆ ಒಂದೇ ಊರಿನಲ್ಲಿ ದಿನಪತ್ರಿಕೆಯೂ ಟಿವಿಯೂ ಒಬ್ಬರ ಕೈಯಲ್ಲಿ ಇರುವಂತಿಲ್ಲ. ಪರದೆಯ ರಾಣಿಯಾಗಿ, ಇಲ್ಲವೇ ಮುದ್ರಣದ ರಾಜಕುಮಾರರಾಗಿ ಎಂಬ ಅರ್ಥದ ಕೀಟಿಂಗ್ ಮಾತು ಅಲ್ಲಿ ಇಂದಿಗೂ ಪ್ರಸಿದ್ಧ.

ಮುಂದೆ ನಡೆದದ್ದು ಸಂತೆಯ ವ್ಯಾಪಾರ. ಫ್ರಾಂಕ್ ಪ್ಯಾಕರ್ ಮಗ ಕೆರ್ರಿ ಪ್ಯಾಕರ್ 1987ರ ಜನವರಿಯಲ್ಲಿ ತನ್ನ ನೈನ್ ಕೇಂದ್ರಗಳನ್ನು ಉದ್ಯಮಿ ಅಲನ್ ಬಾಂಡ್‌ಗೆ ಸುಮಾರು 100 ಕೋಟಿ ಡಾಲರ್‌ಗೆ ಮಾರಿದ. ಸೆವೆನ್ ಕ್ರಿಸ್ಟೋಫರ್ ಸ್ಕೇಸ್ ಪಾಲಾಯಿತು. ರೂಪರ್ಟ್ ಮರ್ಡೋಕ್ ಅಮೆರಿಕದ ಪೌರನಾಗಿದ್ದ, ಪತ್ರಿಕೆಗಳತ್ತ ಹೊರಳಿದ. ಆತನ ಟೆನ್ ಕೇಂದ್ರಗಳು ಫ್ರಾಂಕ್ ಲೋವಿ ಕಂಪನಿಗೆ ಹೋದವು. ಒಂದೇ ವರ್ಷದಲ್ಲಿ ಮೂರೂ ದೊಡ್ಡ ಜಾಲಗಳ ಯಜಮಾನರು ಬದಲಾದರು.

ಕೊಂಡವರು ಸಾಲ ಮಾಡಿ ಕೊಂಡಿದ್ದರು. ಬಡ್ಡಿ ಏರಿತು, ಜಾಹೀರಾತು ಇಳಿಯಿತು. ಸ್ಕೇಸ್ ಕಂಪನಿ 1989ರಲ್ಲಿ ಕುಸಿಯಿತು. ಆತ ಸ್ಪೇನ್‌ನ ಮಯೋರ್ಕಾ ದ್ವೀಪಕ್ಕೆ ಹೋಗಿ, 2001ರಲ್ಲಿ ಅಲ್ಲೇ ಸತ್ತ. 1990ರಲ್ಲಿ ಟೆನ್ ಸಾಲ ಕೊಟ್ಟವರ ವಶವಾಯಿತು. ಅದೇ ವರ್ಷ ಬಾಂಡ್ ಕೊಡಬೇಕಿದ್ದ ಸುಮಾರು 20 ಕೋಟಿ ಡಾಲರ್ ಬಾಕಿಗೆ ಬದಲಾಗಿ ನೈನ್ ಮತ್ತೆ ಪ್ಯಾಕರ್ ಕೈ ಸೇರಿತು. 100 ಕೋಟಿಗೆ ಮಾರಿದ ಎಮ್ಮೆ ಮೂರೇ ವರ್ಷದಲ್ಲಿ ಬಾಕಿ ಲೆಕ್ಕದಲ್ಲಿ ಮನೆಗೆ ವಾಪಸ್ ಬಂದಂತೆ.

ಇದು ನಗರದ ಕಥೆ. ಹಳ್ಳಿಗಾಡಿನ ಕಥೆಯೇ ಬೇರೆ. 1989ರಿಂದ ಸರ್ಕಾರ ‘ಸಮಾನೀಕರಣ’ ಜಾರಿಗೆ ತಂದಿತು. ನಗರದವರಿಗೆ ಮೂರು ಖಾಸಗಿ ಚಾನೆಲ್ ಇದ್ದರೆ ಹಳ್ಳಿಯವರಿಗೆ ಒಂದೇ ಏಕೆ ಎಂಬುದು ಅದರ ಹಿಂದಿನ ನ್ಯಾಯವಾದ ಪ್ರಶ್ನೆ. ಅಕ್ಕಪಕ್ಕದ ಸೀಮೆಗಳನ್ನು ಸೇರಿಸಿ ದೊಡ್ಡ ವಲಯ ಮಾಡಿ, ಮೂರು ಕಂಪನಿಗಳಿಗೆ ಇಡೀ ವಲಯದಲ್ಲಿ ಪ್ರಸಾರಕ್ಕೆ ಅವಕಾಶ ಕೊಟ್ಟರು. ಹಳ್ಳಿಗಳಿಗೆ ಮೂರು ಚಾನೆಲ್ ಬಂದವು. ಜೊತೆಗೆ ಒಂದೊಂದು ಪ್ರಾದೇಶಿಕ ಕಂಪನಿಯೂ ಒಂದೊಂದು ನಗರ ಜಾಲಕ್ಕೆ ಕಟ್ಟುಬಿತ್ತು. ಜಾಹೀರಾತಿನ ಹಣ ಮೂರು ಪಾಲಾಯಿತು. ಖರ್ಚು ಇಳಿಸಲು ಮೊದಲು ಕೈ ಇಟ್ಟದ್ದು ಸ್ಥಳೀಯ ಕಾರ್ಯಕ್ರಮಗಳ ಮೇಲೆ, ಆಮೇಲೆ ಸುದ್ದಿಯ ಮೇಲೆ.

2001ರ ಹೊತ್ತಿಗೆ ಹಲವು ಪ್ರಾದೇಶಿಕ ಸುದ್ದಿ ಪ್ರಸಾರಗಳು ನಿಂತವು. ಜನ ದೂರಿದರು. ಪ್ರಸಾರ ಪ್ರಾಧಿಕಾರ ಈ ದೊಡ್ಡ ವಲಯಗಳ ಚಾನೆಲ್‌ಗಳಿಗೆ ಅಂಕದ ಲೆಕ್ಕ ಹಾಕಿತು: ಸ್ಥಳೀಯ ಸುದ್ದಿಯ ಒಂದು ನಿಮಿಷಕ್ಕೆ 2 ಅಂಕ, ಇತರ ಸ್ಥಳೀಯ ವಿಷಯಕ್ಕೆ 1 ಅಂಕ, 6 ವಾರಕ್ಕೆ ಕನಿಷ್ಠ 720 ಅಂಕ. ಬರೀ ಸುದ್ದಿಯಿಂದಲೇ ತುಂಬಿಸಿದರೂ ವಾರಕ್ಕೆ ಸರಾಸರಿ 60 ನಿಮಿಷ. ಹೆಚ್ಚೇನಲ್ಲ. ಆದರೆ ಕಾನೂನು ಅಷ್ಟನ್ನು ಬರೆಯದಿದ್ದರೆ ಅದೂ ಉಳಿಯುತ್ತಿತ್ತೇ?

ರೇಡಿಯೊದ ಹಾದಿಯೂ ಹೀಗೆಯೇ. ಸಿಡ್ನಿಯ 2ಜಿಬಿ ಕೇಂದ್ರವನ್ನು 1926ರಲ್ಲಿ ಶುರುಮಾಡಿದ್ದು ಥಿಯಾಸಫಿಕಲ್ ಸೊಸೈಟಿಯವರು. ಚೆನ್ನೈನ ಅಡ್ಯಾರ್‌ನಲ್ಲಿ ಮುಖ್ಯ ಕಚೇರಿ ಇರುವ ಅದೇ ಸೊಸೈಟಿ. ಅಲ್ಲಿಂದ ಕೈ ಬದಲಾಯಿಸುತ್ತ ಬಂದ ಈ ಕೇಂದ್ರ 2019ರಲ್ಲಿ ಪೂರ್ತಿಯಾಗಿ ನೈನ್ ಕಂಪನಿಯದಾಯಿತು. ಇತ್ತ ಸಣ್ಣ ಪಟ್ಟಣಗಳ ರೇಡಿಯೊ ಕೇಂದ್ರಗಳನ್ನು ಮ್ಯಾಕ್ವಾರಿ ಎಂಬ ಹಣಕಾಸು ಸಂಸ್ಥೆಯ ಕಂಪನಿ 2004ರಿಂದ ಗುಂಪುಗುಂಪಾಗಿ ಕೊಂಡಿತು. ಅದೇ ಕಂಪನಿ ಹೆಸರು ಬದಲಿಸಿ, 2011ರಲ್ಲಿ ನಗರ ಕೇಂದ್ರಗಳ ಆಸ್ಟೀರಿಯೊವನ್ನೂ ಕೊಂಡು ‘ಸದರ್ನ್ ಕ್ರಾಸ್ ಆಸ್ಟೀರಿಯೊ’ ಆಯಿತು. ಒಂದು ಕಡೆ ಕೂತು ಮಾತಾಡಿದ್ದನ್ನು ಹತ್ತಾರು ಊರುಗಳಿಗೆ ಕಳಿಸುವುದು ಸುಲಭವಾಯಿತು, ಅಗ್ಗವೂ ಆಯಿತು.

ಈ ನಡುವೆ ಮೂಲನಿವಾಸಿಗಳ ಇನ್ನೊಂದು ದಾರಿಯನ್ನೂ ನೋಡಿ. 1988ರ ಜನವರಿಯಲ್ಲಿ ಮರುಭೂಮಿ ನಡುವಿನ ಆಲಿಸ್ ಸ್ಪ್ರಿಂಗ್ಸ್‌ನಿಂದ ‘ಇಂಪಾರ್ಜಾ’ ಎಂಬ ಖಾಸಗಿ ಚಾನೆಲ್ ಶುರುವಾಯಿತು. ಒಡೆತನ ಮೂಲನಿವಾಸಿ ಸಂಘಗಳದ್ದು. ಅದೂ ಹೆಚ್ಚಿನ ಕಾರ್ಯಕ್ರಮಗಳನ್ನು ನಗರ ಜಾಲಗಳಿಂದಲೇ ಪಡೆಯಬೇಕಾಯಿತು. ಆದರೂ ತಮ್ಮ ಭಾಷೆಯ ಕಾರ್ಯಕ್ರಮಕ್ಕೆ ಜಾಗ ಕೊಡಬೇಕೇ ಎಂದು ತೀರ್ಮಾನಿಸುವವರು ಅದೇ ನೆಲದವರಾಗಿದ್ದರು.

ಕಾನೂನು ಮತ್ತೆ ಮತ್ತೆ ಸಡಿಲವಾಯಿತು. 2006ರಲ್ಲಿ ವಿದೇಶಿ ಒಡೆತನದ ಮಿತಿ ತೆಗೆದರು. ಪತ್ರಿಕೆ, ರೇಡಿಯೊ, ಟಿವಿ ಮೂರರಲ್ಲಿ ಎರಡನ್ನು ಒಂದೇ ಊರಿನಲ್ಲಿ ಒಬ್ಬರೇ ಹೊಂದಲು ಬಿಟ್ಟರು. 2017ರಲ್ಲಿ ಆ ಮಿತಿಯೂ ಹೋಯಿತು, ಅಷ್ಟೊತ್ತಿಗೆ 75 ಶೇಕಡಾ ಆಗಿದ್ದ ಜನಸಂಖ್ಯೆಯ ಮಿತಿಯೂ ಹೋಯಿತು. ಅದೇ ವರ್ಷ ದಿವಾಳಿ ಅಂಚಿನಲ್ಲಿದ್ದ ಟೆನ್ ಅಮೆರಿಕದ ಸಿಬಿಎಸ್ ಪಾಲಾಯಿತು. 2018ರ ಡಿಸೆಂಬರ್‌ನಲ್ಲಿ ನೈನ್ ಮತ್ತು ಫೇರ್‌ಫ್ಯಾಕ್ಸ್ ಒಂದಾದವು. 1841ರಿಂದ ನಡೆದು ಬಂದ ಫೇರ್‌ಫ್ಯಾಕ್ಸ್ ಹೆಸರು ಕಂಪನಿಯ ಬೋರ್ಡಿನಿಂದ ಅಳಿಯಿತು. 2021ರ ಕೊನೆಗೆ ಹಳ್ಳಿಗಾಡಿನ ದೊಡ್ಡ ಕಂಪನಿ ‘ಪ್ರೈಮ್’ ಅನ್ನು ಸೆವೆನ್ ಸುಮಾರು 13 ಕೋಟಿ ಡಾಲರ್‌ಗೆ ಕೊಂಡಿತು.

ವಿಲೀನವೇ ಎಲ್ಲಕ್ಕೂ ಕಾರಣ ಎಂದರೆ ತಪ್ಪಾಗುತ್ತದೆ. ಜಾಹೀರಾತಿನ ಹಣ ಗೂಗಲ್, ಫೇಸ್‌ಬುಕ್ ಕಡೆ ಹರಿದದ್ದೂ ನಿಜ. ಯಾರಿಗೂ ಮಾರಾಟವಾಗದೆ ಒಂದೇ ಕುಟುಂಬದ ಕೈಯಲ್ಲಿದ್ದ ವಿನ್ ಕಂಪನಿಯೂ 2019ರಲ್ಲಿ ಆರೆಂಜ್, ಡಬ್ಬೋ, ಆಲ್ಬರಿ, ವಾಗಾ ವಾಗಾ ಮುಂತಾದ ಊರುಗಳ ಸುದ್ದಿಮನೆ ಮುಚ್ಚಿತು. ಆದರೆ ಜಿಲ್ಲೆಯಲ್ಲಿ ವರದಿ ಮಾಡುವ ನಮಗೆ ಈ ಚರಿತ್ರೆಯಲ್ಲಿ ಕಾಣುವುದು ಇಷ್ಟು: ಮಾರುವಾಗ, ಕೊಳ್ಳುವಾಗ ಬೆಲೆ ಕಟ್ಟುವುದು ಲೈಸೆನ್ಸಿಗೆ. ಪಂಚಾಯಿತಿ ಸಭೆಗೆ ಹೋಗಿ ಕೂರುವ ವರದಿಗಾರನಿಗೆ ಆ ಲೆಕ್ಕದಲ್ಲಿ ಕಾಲಂ ಇಲ್ಲ. ಖರ್ಚಿನ ಪಟ್ಟಿಯಲ್ಲಿ ಮಾತ್ರ ಅವನ ಹೆಸರಿದೆ.

2025ರ ಸೆಪ್ಟೆಂಬರ್‌ನಲ್ಲಿ ಸೆವೆನ್ ಮತ್ತು ಸದರ್ನ್ ಕ್ರಾಸ್ ಕೂಡ ಒಂದಾಗುವ ಒಪ್ಪಂದ ಪ್ರಕಟಿಸಿದವು. ಷೇರಿನ ಬೆಲೆ, ಹೊಸ ಅಧ್ಯಕ್ಷರ ಹೆಸರು ಸುದ್ದಿಯಾದವು. ಸಣ್ಣ ಊರಿನವರು ಕೇಳಬೇಕಾದ ಪ್ರಶ್ನೆ ಬೇರೆ: ಹೊಸ ಯಜಮಾನ ನಮ್ಮೂರ ಸುದ್ದಿಗೆ ವಾರಕ್ಕೆ ಎಷ್ಟು ನಿಮಿಷ ಕೊಡಬೇಕೆಂದು ಲೈಸೆನ್ಸಿನಲ್ಲಿ ಬರೆದಿದೆ, ಕೊಡದಿದ್ದರೆ ಕೇಳುವವರು ಯಾರು?