ಕಣ್ಣು ಕೇಳಿದರು, ಬಾಯಿ ಕೇಳಿದರು: ಒಣಗುವ ಕಾಯಿಲೆಯೊಂದರ ಚರಿತ್ರೆ

(1/4)

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಒಣಗೋದು ಅಂದ್ರೆ ಒಳ್ಳೇ ಸುದ್ದಿ. ಕಾಯಿ ಅಟ್ಟ ಸೇರಿ, ಹತ್ತು ಹನ್ನೊಂದು ತಿಂಗಳು ಕೂತು, ಒಳಗಿನ ನೀರೆಲ್ಲ ಇಂಗಿದ ಮೇಲೇ ಅದು ಉಂಡೆ ಕೊಬ್ಬರಿ. ಮನೆಯ ಮದುವೆ, ಸಾಲ, ಮಕ್ಕಳ ಫೀಸು ಎಲ್ಲ ಅದರ ಮೇಲೇ ನಿಂತಿರೋದು.

ಆದ್ರೆ ಹೆಂಗಸರ ಮೈ ಒಣಗೋ ವಿಷಯಕ್ಕೆ ಮಾತ್ರ ನಮ್ಮಲ್ಲಿ ಸರಿಯಾದ ಮಾತೇ ಇಲ್ಲ. ಕಣ್ಣಲ್ಲಿ ಮರಳು ಬಿದ್ದಂಗೆ ಚುಚ್ಚುತ್ತೆ. ನೀರು ಕುಡೀದೆ ತುತ್ತು ಗಂಟಲಲ್ಲಿ ಇಳಿಯಲ್ಲ. ಕೈ ಬೆರಳು, ಮಂಡಿ ನೋವು. ಕೆಳಗೆ ಒಣಗಿ ಉರಿ, ಗಂಡನ ಜೊತೆ ಸೇರುವಾಗ ತಡೆಯಲಾಗದ ನೋವು. ಇವೆಲ್ಲಕ್ಕೂ ಒಂದೇ ಹೆಸರು: "ಉಷ್ಣ ಆಗಿದೆ". ಎಳನೀರು ಕುಡಿ, ಮೆಂತ್ಯ ನೆನೆಸಿ ಕುಡಿ ಅಂತೀವಿ. ಮೊದಲ ಮೂರನ್ನು ಅವ್ವನ ಹತ್ರ ಹೇಳ್ಕೋತಾರೆ. ನಾಲ್ಕನೇದನ್ನು ಎಷ್ಟೋ ಜನ ಯಾರ ಹತ್ರಾನೂ ಹೇಳಲ್ಲ.

ಈ ನಾಲ್ಕೂ ಒಟ್ಟಿಗೆ ಬಂದಾಗ ಹಿಂದೆ ಇರಬಹುದಾದ ಒಂದು ಕಾಯಿಲೆಯ ಹೆಸರು ಶೋಗ್ರೆನ್. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿ ಬಿದ್ದು, ಕಣ್ಣೀರು ಮತ್ತು ಜೊಲ್ಲು ಬರಿಸುವ ಗ್ರಂಥಿಗಳ ಮೇಲೆ ದಾಳಿ ಮಾಡುತ್ತೆ. ಈ ಕಾಯಿಲೆ ಇರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಇದು ಅಂಟೋ ಕಾಯಿಲೆ ಅಲ್ಲ. ಪೂರ್ತಿ ವಾಸಿ ಮಾಡೋ ಔಷಧಿ ಇನ್ನೂ ಇಲ್ಲ, ಆದ್ರೆ ಸಂಭಾಳಿಸಬಹುದು.

ಹೆಂಗಸರಿಗೇ ಹೆಚ್ಚು ಬರುವ ಕಾಯಿಲೆ ಅಂತ ಗೊತ್ತಿದ್ರೂ, ಅವರ ಈ ನಾಲ್ಕನೇ ಕಷ್ಟವನ್ನ ವೈದ್ಯಶಾಸ್ತ್ರ ಯಾಕೆ ಕೇಳದೇ ಬಿಡ್ತು? ಅದರ ಹಿಂದೆ ಒಂದು ಚರಿತ್ರೆ ಇದೆ.

(2/4)

ಹೆಸರು ಇರಲಿಲ್ಲ ಅಂತಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 30ನೇ ಅಧ್ಯಾಯದಲ್ಲಿ ಹೆಂಗಸರ 20 ಬಗೆಯ ಯೋನಿರೋಗಗಳ ಪಟ್ಟಿ ಇದೆ. ಅದರಲ್ಲಿ ಒಂದರ ಹೆಸರು "ಶುಷ್ಕಾ", ಅಂದ್ರೆ ಒಣಗಿದ್ದು. ಎಣ್ಣೆಯಲ್ಲಿ ಅದ್ದಿದ ಹತ್ತಿ ಇಡುವ "ಪಿಚು" ಚಿಕಿತ್ಸೆಯೂ ಆ ಅಧ್ಯಾಯದಲ್ಲಿದೆ. ಆದ್ರೆ ಕಾರಣ ಏನು ಕೊಟ್ಟಿದ್ದಾರೆ ಗೊತ್ತಾ? ಕೂಡುವ ಹೊತ್ತಲ್ಲಿ ಮಲಮೂತ್ರದ ವೇಗವನ್ನು ತಡೆದುಕೊಂಡರೆ ವಾತ ಕೆರಳಿ ಹೀಗಾಗುತ್ತೆ ಅಂತ. ಕಷ್ಟವನ್ನು ಗುರುತಿಸಿದರು, ಜೊತೆಗೆ ತಪ್ಪನ್ನು ಅವಳ ನಡತೆಯಲ್ಲೇ ಹುಡುಕಿದರು. ಶುಷ್ಕಾ ಅಂದ್ರೆ ಶೋಗ್ರೆನ್ನೇ ಅಂತ ಹೇಳಕ್ಕಾಗಲ್ಲ. ಒಣಗೋದಕ್ಕೆ ಕಾರಣಗಳು ಬೇರೆ ಬೇರೆ ಇರುತ್ತವೆ.

ಯುರೋಪಿಗೆ ಬಂದ್ರೆ, ಲಂಡನ್ನಿನ ವೈದ್ಯ ಹ್ಯಾಡನ್ 1888ರಲ್ಲಿ ಬಾಯಿ ಪೂರ್ತಿ ಒಣಗಿಹೋದ ಹೆಂಗಸೊಬ್ಬಳ ಬಗ್ಗೆ ಬರೆದರು. 1925ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಆನ್ರಿ ಗೂಜೆರೋ ಇನ್ನೂ ಮುಂದೆ ಹೋದರು. ಅವರು ವಿವರಿಸಿದ ರೋಗಿಗಳಲ್ಲಿ ಬಾಯಿ, ಕಣ್ಣು, ಮೂಗು, ಗಂಟಲಿನ ಜೊತೆ ಜನನಾಂಗದ ಒಣಗುವಿಕೆಯೂ ಇತ್ತು. ಇಡೀ ಮೈಯ ತೇವಕ್ಕೆ ಬಂದ ಒಂದೇ ಕಾಯಿಲೆ ಇದು ಅನ್ನೋ ಸುಳಿವು ಅಲ್ಲೇ ಸಿಕ್ಕಿತ್ತು. ಅಂದ್ರೆ ನಾಲ್ಕನೇ ಕಷ್ಟ ನೂರು ವರ್ಷದ ಹಿಂದೆಯೇ ದಾಖಲಾಗಿದೆ.

ಆದ್ರೆ ಜಗತ್ತು ನೆನಪಿಟ್ಟುಕೊಂಡಿದ್ದು ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ ಅವರನ್ನು. 1933ರಲ್ಲಿ ಅವರು 19 ಹೆಂಗಸರನ್ನು ಪರೀಕ್ಷಿಸಿ ಡಾಕ್ಟರೇಟ್ ಪ್ರಬಂಧ ಬರೆದರು. ಅವರಲ್ಲಿ 13 ಜನಕ್ಕೆ ಕೀಲುವಾತವೂ ಇತ್ತು. ಪ್ರಬಂಧ ಜರ್ಮನ್ ಭಾಷೆಯಲ್ಲಿತ್ತು, ಆಗ ಅದಕ್ಕೆ ದೊಡ್ಡ ಮರ್ಯಾದೆಯೇನೂ ಸಿಗಲಿಲ್ಲ. ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ಬ್ರೂಸ್ ಹ್ಯಾಮಿಲ್ಟನ್ 1943ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಮೇಲೇ ಹೆಸರು ಹಬ್ಬಿದ್ದು. ಶೋಗ್ರೆನ್ ಕೂಡ ಕಣ್ಣಿನ ವೈದ್ಯರು. ಹಾಗಾಗಿ ಕಾಯಿಲೆ ಜಗತ್ತಿಗೆ ಪರಿಚಯ ಆಗಿದ್ದೇ ಕಣ್ಣಿನ ಬಾಗಿಲಿಂದ.

(3/4)

ಆಮೇಲಿನ ಕಥೆ ಅಳತೆಯದ್ದು.

ಕಣ್ಣೀರನ್ನು ಅಳೆಯೋದು ಸುಲಭ. ಜರ್ಮನಿಯ ಓಟೋ ಶಿರ್ಮರ್ 1903ರಲ್ಲೇ ದಾರಿ ತೋರಿಸಿದ್ದರು. ಕೆಳರೆಪ್ಪೆಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ, 5 ನಿಮಿಷ ಬಿಟ್ಟು ನೋಡೋದು. 5 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾಗದಿದ್ರೆ ಕಣ್ಣು ಒಣಗಿದೆ ಅಂತ ಅರ್ಥ. ಜೊಲ್ಲನ್ನೂ ಕಪ್ಪಿನಲ್ಲಿ ಹಿಡಿದು ಅಳೀಬಹುದು. 1968ರ ಹೊತ್ತಿಗೆ ತುಟಿಯ ಒಳಗಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಅಂಕ ಕೊಡುವ ಕ್ರಮ ಬಂತು. 1970ರ ದಶಕದಲ್ಲಿ ರಕ್ತದ ಪ್ರತಿಕಾಯಗಳಿಗೆ ಎಸ್‌ಎಸ್‌ಎ, ಎಸ್‌ಎಸ್‌ಬಿ ಅನ್ನೋ ಹೆಸರು ಬಿತ್ತು. ಇವತ್ತಿಗೂ ಲ್ಯಾಬ್ ರಿಪೋರ್ಟಿನಲ್ಲಿ ಅವೇ ಹೆಸರು.

ಈ ಎಲ್ಲ ಅಳತೆ ಸೇರಿ, ಯಾರಿಗೆ ಶೋಗ್ರೆನ್ ಇದೆ ಅಂತ ಹೇಳೋ ಅಂತರರಾಷ್ಟ್ರೀಯ ಮಾನದಂಡಗಳು ಆದವು. 2002ರದ್ದರಲ್ಲಿ 6 ಅಂಶ, 2016ರದ್ದರಲ್ಲಿ 5. ಎರಡರಲ್ಲೂ ಕಣ್ಣು, ಬಾಯಿ, ತುಟಿ, ರಕ್ತ. ಯೋನಿಯ ಒಣಗುವಿಕೆ ಒಂದರಲ್ಲೂ ಇಲ್ಲ. ಅದಕ್ಕೆ ಕಾಗದದ ಪಟ್ಟಿ ಇಲ್ಲ, ಕಪ್ಪು ಇಲ್ಲ. ಮುಟ್ಟು ನಿಂತವರಿಗೂ, ಹಾಲುಣಿಸುವವರಿಗೂ, ಕೆಲವು ಮಾತ್ರೆ ತಗೊಳ್ಳೋರಿಗೂ ಹಾಗಾಗುತ್ತೆ. ಹಾಗಾಗಿ ಅದು ಈ ಕಾಯಿಲೆಯ ಖಚಿತ ಗುರುತಲ್ಲ ಅನ್ನೋದು ನಿಜವೇ. ಈ ಮಾನದಂಡಗಳು ಮುಖ್ಯವಾಗಿ ಸಂಶೋಧನೆಗೆ ಅಂತ ಮಾಡಿದವು. ಆದ್ರೆ ಫಾರಂನಲ್ಲಿ ಇಲ್ಲದ ಪ್ರಶ್ನೆ ಡಾಕ್ಟರ ಬಾಯಲ್ಲೂ ಬರೋದು ಕಮ್ಮಿ.

ಇನ್ನೊಂದು ವಿಚಾರ. ಕಣ್ಣಿಗೆ, ಬಾಯಿಗೆ ಇರುವಂಥ ಗ್ರಂಥಿಗಳು ಯೋನಿಯ ಗೋಡೆಯಲ್ಲಿ ಇಲ್ಲ. ಅಲ್ಲಿನ ತೇವ ಹೆಚ್ಚಾಗಿ ರಕ್ತನಾಳಗಳಿಂದ ಜಿನುಗಿ ಬರೋದು. ಹಾಗಾದ್ರೆ ಗ್ರಂಥಿಯ ಕಾಯಿಲೆ ಅಲ್ಲಿ ಹೇಗೆ ಒಣಗಿಸುತ್ತೆ? 2020ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗನ್‌ನ ಸಂಶೋಧಕರು, ಇನ್ನೂ ಮುಟ್ಟು ನಿಲ್ಲದ ಶೋಗ್ರೆನ್ ರೋಗಿಗಳ ಯೋನಿಯ ಅಂಗಾಂಶವನ್ನೇ ಪರೀಕ್ಷಿಸಿ ಪ್ರಕಟಿಸಿದರು. ಅಲ್ಲಿ ಉರಿಯೂತದ ಕಣಗಳು ಹೆಚ್ಚಿದ್ದವು, ರಕ್ತನಾಳದ ಗೋಡೆಯ ಸ್ನಾಯುಕಣಗಳು ಕಮ್ಮಿ ಇದ್ದವು. "ಮನಸ್ಸಿಲ್ಲದ್ದಕ್ಕೆ ಹಿಂಗಾಗ್ತದೆ", "ಗಂಡನ ಮೇಲೆ ಪ್ರೀತಿ ಇಲ್ಲ" ಅನ್ನೋ ಮಾತಿಗೆ ಇದಕ್ಕಿಂತ ಉತ್ತರ ಬೇಕಾ? ಕಾಯಿಲೆ ಇದ್ದದ್ದು ಮೈಯಲ್ಲಿ. ಗೂಜೆರೋ ಬರೆದದ್ದು 1925ರಲ್ಲಿ, ಇದು ಬಂದದ್ದು 95 ವರ್ಷ ಆದ ಮೇಲೆ.

(4/4)

ಈಗ ನಮ್ಮ ಸೀಮೆಯವರು ಕೇಳೇ ಕೇಳುವ ಪ್ರಶ್ನೆ: ಮನೇಲಿ ಕೊಬ್ಬರಿ ಎಣ್ಣೆ ಇದೆಯಲ್ಲ, ಹಚ್ಚಬಹುದಾ?

ಸುವಾಸನೆ ಸೇರಿಸದ ಶುದ್ಧ ಎಣ್ಣೆಯನ್ನು ಹೊರಗಿನ ಚರ್ಮಕ್ಕೆ ಹಚ್ಚಿ ಆರಾಮ ಕಂಡವರು ಇದ್ದಾರೆ. ಆದ್ರೆ ಇದನ್ನು ಸಾಬೀತು ಮಾಡುವ ದೊಡ್ಡ ಅಧ್ಯಯನಗಳು ಇಲ್ಲ. ಘಮಘಮ ಅನ್ನೋ ತಲೆ ಎಣ್ಣೆ ಅಂತೂ ಬೇಡವೇ ಬೇಡ. ತುರಿಕೆ, ಮೊಸರಿನಂಥ ಬಿಳಿ ಹೋಗೋದು, ವಾಸನೆ ಇದ್ರೆ ಅದು ಸೋಂಕು ಇರಬಹುದು, ಮೊದಲು ತೋರಿಸಿ. ಮತ್ತೆ, ಯಾವುದೇ ಎಣ್ಣೆ ಲ್ಯಾಟೆಕ್ಸ್ ಕಾಂಡೋಮನ್ನು ಹಾಳು ಮಾಡುತ್ತೆ. ಕಾಂಡೋಮ್ ಬಳಸೋರು ಎಣ್ಣೆ ಮುಟ್ಟಬೇಡಿ.

ವೈದ್ಯರು ಸಾಮಾನ್ಯವಾಗಿ ಹೇಳೋದು ಮೂರು ದಾರಿ.
▪️ ಸೇರುವ ಹೊತ್ತಿಗೆ: ನೀರು ಅಥವಾ ಸಿಲಿಕೋನ್ ಆಧಾರದ ಲೂಬ್ರಿಕೆಂಟ್ ಜೆಲ್.
▪️ ದಿನನಿತ್ಯದ ಉರಿಗೆ: ವಾರಕ್ಕೆ ಎರಡು ಮೂರು ಸಲ ಬಳಸುವ ಯೋನಿ ಮಾಯಿಶ್ಚರೈಸರ್. ಇದು ಜೆಲ್‌ಗಿಂತ ಬೇರೆ, ಸೇರಲಿ ಬಿಡಲಿ ಬಳಸಬೇಕು.
▪️ ಮುಟ್ಟು ನಿಂತವರಿಗೆ: ಅಲ್ಲಿಗೆ ಮಾತ್ರ ಹಚ್ಚುವ ಈಸ್ಟ್ರೋಜನ್ ಕ್ರೀಮು, ಡಾಕ್ಟರು ಬರೆದುಕೊಟ್ಟರೆ ಮಾತ್ರ.

ಸೋಪು, ಡೆಟಾಲ್, ಪರ್ಫ್ಯೂಮ್ ಇರುವ ವಾಶ್‌ಗಳಿಂದ ಒಳಗೆ ತೊಳೆಯಬೇಡಿ. ಶೀತಕ್ಕೆ ತಗೊಳ್ಳೋ ಕೆಲವು ಅಲರ್ಜಿ ಮಾತ್ರೆಗಳೂ ಒಣಗಿಸುತ್ತವೆ, ಅದನ್ನೂ ಹೇಳಿ. ನೋವು ಇದ್ದಾಗ "ಬೇಡ" ಅನ್ನೋದು ತಪ್ಪಲ್ಲ. ಗಂಡಂದಿರೇ, ಇದನ್ನ ನೀವೂ ಓದಿ.

ಕೀಲುವಾತದ ತಜ್ಞರನ್ನು ರುಮಟಾಲಜಿಸ್ಟ್ ಅಂತಾರೆ. ಅವರನ್ನು ನೋಡೋಕೆ ನಮ್ಮ ಕಡೆಯವರು ಬೆಂಗಳೂರಿನ ರೈಲು ಹತ್ತಬೇಕಾಗಬಹುದು. ಅಷ್ಟು ದೂರ ಹೋಗಿ ಕಣ್ಣು, ಬಾಯಿ, ಕೀಲು ಮೂರೇ ಹೇಳಿ ವಾಪಸ್ ಬರಬೇಡಿ. ಬಾಯಲ್ಲಿ ಹೇಳೋಕೆ ನಾಚಿಕೆ ಆದ್ರೆ ಚೀಟೀಲಿ ಬರ್ಕೊಂಡು ಹೋಗಿ ಕೊಡಿ:

"ಡಾಕ್ಟ್ರೇ, ಕಣ್ಣು ಬಾಯಿ ಒಣಗೋ ಹಂಗೇ ಕೆಳಗೂ ಒಣಗುತ್ತೆ. ಉರಿ ಇದೆ, ಸೇರುವಾಗ ನೋವಾಗುತ್ತೆ."

ಫಾರಂನಲ್ಲಿ ಈ ಪ್ರಶ್ನೆ ಇಲ್ಲದಿದ್ರೂ ಉತ್ತರ ನೀವೇ ಕೊಡಬಹುದು. ಈ ಚೀಟಿ ಬೇಕಾದ ಅಕ್ಕನೋ ಅತ್ತಿಗೆಯೋ ಇದ್ರೆ, ಅವರಿಗೆ ಮಾತ್ರ ಕಾಣೋ ಹಾಗೆ ಕಳಿಸಿ. 🌴

#ಕಲ್ಪತರುನಾಡು #ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ಶೋಗ್ರೆನ್ #ಹೆಣ್ಣಿನಆರೋಗ್ಯ #ವೈದ್ಯಚರಿತ್ರೆ